ಅತ್ತೆಯವರ ಪಟ

ಷಡ್ಡಕ ಗುಂಡಿ ಒತ್ತಿದ್ದೇ ತಡ, ಅವನ ಹೊಸ ಕ್ಯಾಮೆರಾ ಬಾಯಿ ತೆರೆದು, ಹಾರ್ಮೋನಿಯಂನ ತಿದಿಯಂಥ ಕಪ್ಪು ಚರ್ಮವನ್ನು ಮುಂದಕ್ಕೆ ಚಾಚಿತು. ಕೊಡಿಗೇನಹಳ್ಳಿಯ ಮಾವನ ಮನೆಯ ಅಂಗಳದಲ್ಲಿ ನೆರೆದವರೆಲ್ಲ ಅದನ್ನೇ ನೋಡುತ್ತಿದ್ದರು. ಹಿರಿಯ ಅಳಿಯನಾದ ನನ್ನ ಕೈಯಲ್ಲಿದ್ದದ್ದು ಡಬ್ಬಿ ಕ್ಯಾಮೆರಾ. ಅದನ್ನು ಹೊಟ್ಟೆಗೆ ಒತ್ತಿ ಹಿಡಿದು, ಮೇಲಿನ ಪುಟ್ಟ ಗಾಜಿನೊಳಗೆ ಬಗ್ಗಿ ನೋಡಬೇಕು. ಹಿಂದಿನ ದಿನದವರೆಗೂ ಅದು ನನಗೆ ಪ್ರಾಣವಾಗಿತ್ತು. ಅಂದು ಬಿಸ್ಕತ್ತಿನ ಡಬ್ಬಿಯಂತೆ ಕಂಡಿತು. ಯುದ್ಧದಿಂದಾಗಿ ಫಿಲ್ಮು ಸಿಗುವುದೇ ಕಷ್ಟವಾಗಿದ್ದರೂ ಅವನು ಕಂಡದ್ದನ್ನೆಲ್ಲ ಹಿಡಿಯುತ್ತಿದ್ದ. ನನಗೋ ಹೊಟ್ಟೆ ಉರಿಯುತ್ತಿತ್ತು.

ಕೊನೆಗೆ ಅವನು ಕ್ಯಾಮೆರಾವನ್ನು ಕಣ್ಣಿಗಿಟ್ಟುಕೊಂಡು ಅತ್ತೆಯವರನ್ನು ಕರೆದ. ಅಳಿಯಂದಿರ ಎದುರು ಎಂದೂ ನಿಲ್ಲದ ಅವರು ಬಾಗಿಲ ಹಿಂದಿನಿಂದಲೇ ನನ್ನ ಹೆಂಡತಿಗೆ ಹೇಳಿದರು:

“ಚಿಕ್ಕಳಿಯಂದ್ರು ನೆಟ್ಟಗೆ ನನ್ನೇ ನೋಡ್ತಾರೆ ಕಣಮ್ಮ, ನಂಗೆ ನಾಚ್ಕೆ ಆಯ್ತದೆ. ನಿಮ್ಮೆಜಮಾನ್ರೇ ಹಿಡೀಲಿ. ಅವ್ರು ತಲೆ ಬಗ್ಗುಸ್ಕಂಡಿರ್ತಾರೆ.”

ಷಡ್ಡಕ ತೆಪ್ಪಗೆ ಕ್ಯಾಮೆರಾ ಮಡಚಿದ. ಅತ್ತೆ ಸೆರಗು ಸರಿಮಾಡಿಕೊಂಡು ಒರಳುಕಲ್ಲಿನ ಪಕ್ಕ ಬಂದು ನಿಂತರು. ನಾನು ತಲೆ ಬಗ್ಗಿಸಿದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರ ಮುಖವನ್ನು ಸರಿಯಾಗಿ ಕಂಡದ್ದು ಆಗಲೇ, ಆ ಗಾಜಿನೊಳಗೆ, ಅವರೆಕಾಳಿನಷ್ಟು. ಥೇಟ್ ನನ್ನ ಹೆಂಡತಿಯದೇ ಮುಖ. ಉಸಿರು ಬಿಗಿಹಿಡಿದು ಕೀಲಿ ಒತ್ತಿದೆ.

ಆ ಪಟ ಈಗ ನಮ್ಮ ನಡುಮನೆಯಲ್ಲಿದೆ. ಷಡ್ಡಕ ಬಂದಾಗಲೆಲ್ಲ ಅದರ ಮುಂದೆ ನಿಂತು ನೋಡುತ್ತಾನೆ. ನಾನು ಅವನ ಹೆಗಲಿಗೆ ತೂಗುವ ಕ್ಯಾಮೆರಾವನ್ನು ನೋಡುತ್ತಿರುತ್ತೇನೆ.