ಹಿಂದಕ್ಕೆ ಹೊರಟ ಸ್ಕೂಟರ್

ಕೊಯ್ಲಿನ ಕಾಲದ ಒಂದು ಬೆಳಿಗ್ಗೆ, ಇಬ್ಬನಿ ಇನ್ನೂ ಆರಿರಲಿಲ್ಲ, ನಾನು ಬಾಳೂರಿನ ಏರುರಸ್ತೆಯ ಮೋರಿಯ ಎಡಗಡೆ, ಹಳ್ಳಕ್ಕೆ ಬೆನ್ನು ಹಾಕಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಇಷ್ಟು ಖಚಿತವಾಗಿ ಹೇಳುವುದೇಕೆಂದರೆ, ಅಲ್ಲಿ ಕಂಡದ್ದನ್ನು ಹೇಳಿದಾಗಲೆಲ್ಲ ಜನ ಮೊದಲು ನನ್ನ ಕನ್ನಡಕವನ್ನು ವಿಚಾರಿಸುತ್ತಾರೆ.

ಬಣಕಲ್‌ನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಶಿವಣ್ಣನವರ ಹಳೆಯ ಸ್ಕೂಟರ್ ನನ್ನಿಂದ ಸ್ವಲ್ಪ ಮೇಲೆ, ಏರಿನಲ್ಲಿ ಆಫ್ ಆಗಿ ನಿಂತಿತು. ಹಿಂದೆ ಅವರ ಹೆಂಡತಿ ಗಿರಿಜಕ್ಕ. ಶಿವಣ್ಣನವರು ಕೈಬ್ರೇಕು ಹಿಡಿದು, ಕೂತಲ್ಲಿಂದಲೇ ಅರ್ಧ ಕಿಕ್ ಹೊಡೆದರು. ಎಂಜಿನ್ ಶುರುವಾಯಿತು. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರು. ಗಾಡಿ ಹಿಂದಕ್ಕೆ ಬಂತು. ಇಳಿಜಾರು ಎಳೆಯುತ್ತಿದೆ ಎಂದುಕೊಂಡು ನಮ್ಮ ಗುಡ್ಡದವರು ಯಾರಾದರೂ ಮಾಡುವುದನ್ನೇ ಮಾಡಿದರು: ಇನ್ನಷ್ಟು ಆಕ್ಸಿಲರೇಟರ್ ಕೊಟ್ಟರು. ಗಾಡಿ ಇನ್ನಷ್ಟು ಜೋರಾಗಿ ಹಳ್ಳದ ಕಡೆ ಬಂತು. ಮೋರಿಗೆ ತಡೆಗೋಡೆ ಇರಲಿಲ್ಲ.

ಟು ಸ್ಟ್ರೋಕ್ ಎಂಜಿನ್ನಿನ ಸಂಸಾರ ಬಲು ಚಿಕ್ಕದು. ಕಾರಿನಲ್ಲಿರುವಂತೆ ಬಾಗಿಲು ಕಾಯುವ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಬರೀ ಕಿಂಡಿಗಳು. ಏರಿಳಿಯುವ ಪಿಸ್ಟನ್ನೇ ಅವನ್ನು ಮುಚ್ಚಿ ತೆರೆಯುತ್ತದೆ. ಏರುವಾಗ ತಲೆಯ ಮೇಲಿನ ಪೆಟ್ರೋಲು-ಗಾಳಿಯನ್ನು ಒತ್ತುತ್ತ, ಬುಡಕ್ಕೆ ಹೊಸದನ್ನು ಎಳೆದುಕೊಳ್ಳುತ್ತದೆ. ಕಿಡಿ ಹಾರಿ ಇಳಿಯುವಾಗ ಹೊಗೆಗೆ ದಾರಿ ಬಿಟ್ಟು, ಬುಡದಲ್ಲಿದ್ದುದನ್ನು ಮೇಲಕ್ಕೆ ಕಳಿಸುತ್ತದೆ. ಬುಡಕ್ಕೆ ಬೇರೆ ಎಣ್ಣೆಯಿಲ್ಲ, ಅದಕ್ಕೇ ಪೆಟ್ರೋಲಿಗೇ ಆಯಿಲ್ ಬೆರೆಸುವುದು. ಈಗ ತೋಟದಲ್ಲಿ ಕಳೆ ಹೊಡೆಯುವ ಎಷ್ಟೋ ಮಿಷನ್ನುಗಳೂ ಇದೇ ಜಾತಿ.

ಆದರೆ ಆ ಕಿಂಡಿಗಳಿಗೆ ಎಂಜಿನ್ ಯಾವ ಕಡೆ ತಿರುಗಿದರೂ ಒಂದೇ. ಪಿಸ್ಟನ್ ತುದಿ ಮುಟ್ಟುವ ಚೂರು ಮೊದಲೇ ಕಿಡಿ ಹಾರುತ್ತದೆ. ಕಿಕ್ ಅರೆಬರೆಯಾದರೆ ಪಿಸ್ಟನ್ ತುದಿ ದಾಟದೆ ಬಂದ ದಾರಿಯಲ್ಲೇ ಹಿಂತಿರುಗಿ, ಎಂಜಿನ್ ಉಲ್ಟಾ ಓಡತೊಡಗುತ್ತದೆ. ಶಬ್ದ ಹೆಚ್ಚುಕಡಿಮೆ ಅದೇ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಆ ಹೊತ್ತಿಗೆ ತಿಳಿದದ್ದು ಗಿರಿಜಕ್ಕನಿಗೆ ಮಾತ್ರ.

“ರೀ, ಇದು ಜಾರ್ತಿಲ್ಲ, ಓಡ್ತಿದೆ,” ಎಂದವರೇ ಮುಂದಕ್ಕೆ ಬಾಗಿ ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದರು.

ಹಿಂದಿನ ಚಕ್ರ ಮೋರಿಯ ಅಂಚಿನಲ್ಲಿ ನಿಂತಿತು. ನನ್ನ ಎರಡೂ ಕೈ ಸ್ಟೆಪ್ನಿಯನ್ನು ಹಿಡಿದಿದ್ದವು. ಯಾವಾಗ ಹಿಡಿದೆನೋ ಗೊತ್ತಿಲ್ಲ. ಇಂದಿಗೂ ಆ ರಸ್ತೆಯಲ್ಲಿ ನಾನು ಬಲಗಡೆಯೇ ನಿಲ್ಲುವುದು.

ಶಿವಣ್ಣನವರು ತೀರಿಕೊಳ್ಳುವವರೆಗೂ “ಇಳಿಜಾರು ಮಾರಾಯ, ಇಳಿಜಾರು” ಎನ್ನುತ್ತಿದ್ದರು. ಹಿಂದಿನ ಚಕ್ರದಡಿಯ ಜಲ್ಲಿ ಏರಿನ ಕಡೆಗೆ ಸಿಡಿದದ್ದನ್ನು ನಾನು ನೋಡಿದ್ದೇನೆ. ಬರೀ ಜಾರುವ ಗಾಡಿ ಹಾಗೆ ಸಿಡಿಸುವುದಿಲ್ಲ. ಆದರೂ ಅವರೆದುರು ವಾದಿಸಲಿಲ್ಲ. ಗುಡ್ಡಕ್ಕೆ ಸೋತೆ ಎನ್ನುವುದರಲ್ಲಿ ಒಂದು ಮರ್ಯಾದೆಯಿದೆ. ನಾನೇ ಆಕ್ಸಿಲರೇಟರ್ ಕೊಟ್ಟು ಹಳ್ಳಕ್ಕೆ ಹೊರಟಿದ್ದೆ ಎನ್ನುವುದರಲ್ಲಿ ಇಲ್ಲ.

ಕಂಡವರಲ್ಲಿ ನಾನಲ್ಲದೆ ಈಗ ಇರುವವರು ಇಬ್ಬರು. ಮೋರಿಯ ಆಚೆ ಹುಲ್ಲು ಕೊಯ್ಯುತ್ತಿದ್ದ ಲಲಿತಕ್ಕ. ಅವರನ್ನು ಕೇಳಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಇನ್ನೊಬ್ಬರು ಗಿರಿಜಕ್ಕ. ಅವರನ್ನು ಕೇಳಿದರೆ, ಯಜಮಾನರು ಹೇಳಿದ್ದೇ ಸರಿ, ಇಳಿಜಾರೇ, ಎನ್ನುತ್ತಾರೆ.