ಎರಡು ತಿಂಗಳ ಸಿಪಾಯಿ

ಕನಕರಾಯ ಪಿಯುಸಿ ಪಾಸಾಗಿ ಎರಡು ವರ್ಷ ದಾಟಿದ್ದರೂ ಅವನ ಅಂಕಪಟ್ಟಿ ಇನ್ನೂ ಲಿಂಗಸುಗೂರಿನ ಕಾಲೇಜಿನಲ್ಲೇ ಇತ್ತು. ತರಬೇಕಾದ ಕೆಲಸವೇ ಬಿದ್ದಿರಲಿಲ್ಲ. ಕುರಿ ಕಾಯುವವನಿಗೆ ಅಂಕಪಟ್ಟಿ ಯಾತಕ್ಕೆ?

ಮಸ್ಕಿಯಿಂದ ಒಂದು ಹರದಾರಿ ದೂರದ ಹಳ್ಳಿ ಅವನದು. ತಂದೆ ತೀರಿಕೊಂಡಿದ್ದ. ಮನೆಯಲ್ಲಿ ತಾಯಿ ಗದ್ದೆಮ್ಮ, ಅಣ್ಣ ಮೈಲಾರಲಿಂಗಪ್ಪ, ಅವನ ಹೆಂಡತಿ ಮಕ್ಕಳು, ಅರವತ್ತು ಕುರಿ. ಕಾಲುವೆ ಕೆಳಗಿನ ಭತ್ತದ ಸುಗ್ಗಿ ಮುಗಿಯುತ್ತಲೇ ಇವರು ಹಿಂಡು ಹೊಡೆದುಕೊಂಡು ತುರ್ವಿಹಾಳ, ಸಿಂಧನೂರಿನ ಕಡೆ ಇಳಿಯುತ್ತಿದ್ದರು. ಬೋಳು ಗದ್ದೆಯಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿದರೆ ಭೂಮಿಗೆ ಗೊಬ್ಬರ, ಗದ್ದೆಯವರಿಂದ ಇವರಿಗೆ ಭತ್ತ. ತಲೆಮಾರುಗಳಿಂದ ನಡೆದುಬಂದ ಬದುಕು ಅದು.

೧೯೮೯ರ ಕೊನೆಯಲ್ಲಿ ಹಿಂಡು ಸಿಂಧನೂರಿನ ಪಕ್ಕದಲ್ಲೇ ಇತ್ತು. ಉಪ್ಪು, ಕಾರ ತರಲು ಊರೊಳಗೆ ಹೋದ ಕನಕರಾಯನಿಗೆ ಹಳೆಯ ಸಹಪಾಠಿ ಪಂಪಣ್ಣ ಸಿಕ್ಕ. ಅವನೀಗ ಬಿ.ಎ. ಓದುತ್ತಿದ್ದ. "ಬಾರಲೇ, ಒಂದು ಪಾಠ ಕೇಳಿ ಹೋಗು" ಎಂದು ಕೈ ಹಿಡಿದು ಎಳೆದ. ಮೈಗೆ ಕುರಿಯ ವಾಸನೆ ಇದೆಯೆಂದು ನಾಚುತ್ತ ಕನಕರಾಯ ಹಿಂದಿನ ಬೆಂಚಿನಲ್ಲಿ ಕುಳಿತ. ಇತಿಹಾಸದ ಮೇಷ್ಟ್ರು ಅಶೋಕನ ಶಾಸನದ ವಿಷಯ ಹೇಳುತ್ತಿದ್ದರು. ಮಸ್ಕಿಯ ಬಂಡೆಯ ಮಾತು ಬಂದಾಗ ಅವನು ಮುಂದಕ್ಕೆ ಬಾಗಿ ಕುಳಿತ. ಆ ಗುಡ್ಡದ ಬುಡದಲ್ಲಿ ಅವನು ಎಷ್ಟು ಸಲ ಕುರಿ ಮೇಯಿಸಿದ್ದನೋ! ಒಂದು ಪಾಠ ಕೇಳಲು ಹೋದವನು ಮೂರು ಪಾಠ ಕೇಳಿ, ಉಪ್ಪು ತರುವುದನ್ನೇ ಮರೆತು ಬಂದ.

ತಾನೂ ಬಿ.ಎ. ಓದಬೇಕೆಂದು ಅವನು ಮನೆಯಲ್ಲಿ ಹೇಳಿದಾಗ, "ಹತ್ತು ಕುರಿ ಮಾರಿದ್ರ ಆತು, ಓದು" ಎಂದಳು ಗದ್ದೆಮ್ಮ. ಮೈಲಾರಲಿಂಗಪ್ಪ ಹಿಂಡಿನ ಕಡೆ ತಿರುಗಿ ಕುರಿ ಎಣಿಸತೊಡಗಿದ. ಆ ಎಣಿಕೆಯೇ ಕನಕರಾಯನನ್ನು ತಡೆಯಿತು. ವರ್ಷಕ್ಕೆ ಹತ್ತರಂತೆ ಮೂರು ವರ್ಷ ಮಾರಿದರೆ ಅರ್ಧ ಹಿಂಡೇ ಹೋಗುತ್ತದೆ. ಅಣ್ಣನ ಮಕ್ಕಳ ಬಾಯಿಂದ ಕಿತ್ತು ತಾನು ಓದುವುದು ಅವನಿಗೆ ಒಗ್ಗಲಿಲ್ಲ.

ಮಸ್ಕಿಯ ಬಸ್‌ ನಿಲ್ದಾಣದ ಹತ್ತಿರ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಬಸ್ಸಪ್ಪ ಸೈನ್ಯದಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. ಜೋಳ ಬೀಸಿಸಲು ಹೋದಾಗ ಕನಕರಾಯ ಅವನ ಮುಂದೆ ಮನಸ್ಸು ಬಿಚ್ಚಿದ.

"ಪೂರಾ ಸಿಪಾಯಿ ಆಗಬೇಕಂತೇನಿಲ್ಲ" ಎಂದ ಬಸ್ಸಪ್ಪ. "ಟೆರಿಟೋರಿಯಲ್ ಆರ್ಮಿ ಅಂತ ಐತಿ. ಮೊದಲಿಗೆ ತಾಲೀಮು, ಆಮ್ಯಾಲೆ ವರ್ಷಕ್ಕ ಎರಡು ತಿಂಗಳು ಕ್ಯಾಂಪು. ಎಷ್ಟು ದಿನ ವರ್ದಿ ಹಾಕ್ತೀಯೋ ಅಷ್ಟು ದಿನದ ಪಗಾರ ಕೊಡ್ತಾರ. ಉಳಿದ ದಿನ ನಿನ್ನ ಬಾಳ್ವೆ ನಿನ್ನದು."

"ಉಳಿದ ದಿನ ಕಾಲೇಜಿಗೆ ಹೋಗಬಹುದೇನ್ರೀ?"

"ಹೋಗು, ಯಾರು ಬ್ಯಾಡ ಅಂತಾರ? ಆದ್ರ ಅರ್ಜಿಯೊಳಗ ವಿದ್ಯಾರ್ಥಿ ಅಂತ ಬರೀಬ್ಯಾಡ. ಹೊಟ್ಟಿಗೆ ತಮ್ಮದೊಂದು ಕಸುಬು ಇದ್ದವರೇ ಬೇಕು ಅವರಿಗೆ. ನಿನಗ ಕುರಿ ಅದಾವು, ಅದನ್ನೇ ಬರಿ. ಸುಳ್ಳೇನಲ್ಲ." ಬಸ್ಸಪ್ಪ ಗಿರಣಿ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಮತ್ತೆ ಹೇಳಿದ: "ಇನ್ನೊಂದು ಮಾತು ಕೇಳು. ಹುಕುಂ ಬಂತಂದ್ರ ಎರಡು ತಿಂಗಳು ಅನ್ನೂದು ಹಾರಿ ಹೋಗ್ತೈತಿ. ವರ್ಷ ಅಂದ್ರ ವರ್ಷ, ಎರಡು ವರ್ಷ ಅಂದ್ರ ಎರಡು ವರ್ಷ. ಏಳು ವರ್ಷಕ್ಕ ಸಹಿ ಹಾಕಿರ್ತಿ."

"ಬರ್ತೈತೇನ್ರೀ ಹುಕುಂ?"

"ಬಂದ್ರೂ ಬಂತು, ಬರದಿದ್ರೂ ಇಲ್ಲ. ನನ್ನ ಮ್ಯಾಲೆ ಹಾಕಬ್ಯಾಡಪ್ಪ. ನೀನೇ ತೂಗಿ ನೋಡು."

ಗದ್ದೆಮ್ಮ ಮರಿಯೊಂದನ್ನು ತೊಡೆಯ ಮೇಲೆ ಕೆಡವಿಕೊಂಡು ಅದರ ಗೊರಸಿನ ಮುಳ್ಳು ತೆಗೆಯುತ್ತ ಮಗ ಹೇಳಿದ್ದನ್ನೆಲ್ಲ ಕೇಳಿದಳು. ಕೊನೆಗೆ ಅವಳು ಕೇಳಿದ್ದು ಒಂದೇ ಮಾತು.

"ಯಾವ ಎರಡು ತಿಂಗಳು?"

ಕನಕರಾಯ ಮರುದಿನ ಗಿರಣಿಗೆ ಹೋಗಿ ಕೇಳಿದ. ಬಸ್ಸಪ್ಪನಿಗೂ ಗೊತ್ತಿರಲಿಲ್ಲ. ಪರೀಕ್ಷೆ ಇರುವುದು ಏಪ್ರಿಲ್ಲಿನಲ್ಲಿ. ಕ್ಯಾಂಪು ಆಗಲೇ ಬಿದ್ದರೆ ದುಡ್ಡು ಕೈಯಲ್ಲಿ, ಪರೀಕ್ಷೆ ಗಾಳಿಯಲ್ಲಿ. ಟೆರಿಟೋರಿಯಲ್ ಆರ್ಮಿಯ ಬೆಟಾಲಿಯನ್ ಇದ್ದ ಬೆಳಗಾವಿಗೆ ಕಾಗದ ಬರೆದ. ಭರ್ತಿಯ ದಿನ, ಎದೆಯ ಅಳತೆ, ತರಬೇಕಾದ ದಾಖಲೆ, ಎಲ್ಲದಕ್ಕೂ ಉತ್ತರ ಬಂತು. ಅವನು ಕೇಳಿದ್ದಕ್ಕೆ ಮಾತ್ರ ಬರಲಿಲ್ಲ.

ಆಗ ಹೋಗಿ ಅಂಕಪಟ್ಟಿ ಬಿಡಿಸಿಕೊಂಡು ಬಂದ. ಮರುವಾರ ಮುದಗಲ್ ದಾಟಿ ಬೆಳಗಾವಿಯ ದಾರಿ ಹಿಡಿದ.

ಕುರಿಯ ಹಿಂದೆ ಓಡಿ ಬೆಳೆದ ಕಾಲು. ಓಟದಲ್ಲಿ ಮುನ್ನೂರು ಜನರಲ್ಲಿ ಎಂಟನೆಯವನಾಗಿ ಬಂದ. ಎದೆ, ಕಣ್ಣು, ಕಿವಿ ಎಲ್ಲದರಲ್ಲೂ ಪಾಸು. ಕೊನೆಯ ಮೇಜಿನಲ್ಲಿ ಕುಳಿತಿದ್ದ ನರೆತ ಮೀಸೆಯ ಸುಬೇದಾರ ಅರ್ಜಿ ಓದಿ, "ಕುರಿ ಅದಾವೇನು? ನೀ ಇಲ್ಲಿಗೆ ಬಂದರ ಕಾಯವರು ಯಾರು?" ಎಂದು ಕೇಳಿದ.

"ನಮ್ಮವ್ವ, ನಮ್ಮಣ್ಣ ಅದಾರ್ರೀ. ಸಾಹೇಬ್ರ, ಒಂದು ಮಾತು ಕೇಳಬೇಕಿತ್ತು. ಕ್ಯಾಂಪು ಯಾವ ತಿಂಗಳಾಗ ಇರ್ತೈತ್ರೀ? ನಾನು ಕಾಲೇಜಿಗೂ ಹೋಗಬೇಕಂತ ಮಾಡೀನಿ."

ಪಕ್ಕದ ಗುಮಾಸ್ತ ನಕ್ಕ. ಸುಬೇದಾರ ನಗಲಿಲ್ಲ. "ಪರೀಕ್ಷಾ ನೋಡಿ ಯಾರೂ ಹುಕುಂ ಬರೆಯೂದಿಲ್ಲ ತಮ್ಮಾ. ಒಂದು ವರ್ಷ ಮಳಿಗಾಲದಾಗ, ಒಂದು ವರ್ಷ ಚಳಿಗಾಲದಾಗ. ಊಟ ಆಗೂತನಕ ವಿಚಾರ ಮಾಡು. ಒಲ್ಲೆ ಅಂದರೂ ಏನೂ ಅನ್ನೂದಿಲ್ಲ."

ಮೈದಾನದ ಬೇಲಿಯ ಪಕ್ಕದ ಬೇವಿನ ಮರದ ಕೆಳಗೆ ಕನಕರಾಯ ಕುಳಿತ. ಇಷ್ಟು ದಿನ ಅವನು ತೂಗಿದ್ದು ಪಗಾರವನ್ನು ಮತ್ತು ತಿಂಗಳುಗಳನ್ನು. ಆ ಹೊತ್ತಿನಲ್ಲಿ, ಎದುರಿಗೆ ಬಂದೂಕು ಹೊತ್ತು ಸಾಲಾಗಿ ಹೋಗುತ್ತಿದ್ದವರನ್ನು ಕಂಡಾಗ, ತಾನು ಸಾಯಲೂಬಹುದು ಎಂಬುದು ಮೊದಲ ಸಲ ಅವನಿಗೆ ತಟ್ಟಿತು. ಕಾಲೇಜಿನ ಫೀಸಿನ ವಿಚಾರದಲ್ಲಿ ಈ ಮಾತು ಎಲ್ಲೂ ಬಂದಿರಲಿಲ್ಲ. ಅವ್ವನೂ ಎತ್ತಿರಲಿಲ್ಲ, ಅವನೂ ಎತ್ತಿರಲಿಲ್ಲ. ಹುಕುಂ ಬರಲಾರದು ಎಂದು ನಂಬಿ ಸಹಿ ಹಾಕುವುದು ಸುಲಭವಿತ್ತು. ಆದರೆ ಹಾಗೆ ಹಾಕಿದರೆ ಅದು ಸೈನ್ಯಕ್ಕೂ ಮೋಸ, ತನಗೂ ಮೋಸ ಅನ್ನಿಸಿತು. ಬಂದರೆ ಹೋಗುತ್ತೇನೆಯೇ? ಆ ಒಂದು ಪ್ರಶ್ನೆಯನ್ನು ಹಿಡಿದು ಬಹಳ ಹೊತ್ತು ಕುಳಿತ. ಹೋಗುತ್ತೇನೆ ಎಂದು ಮನಸ್ಸು ಒಪ್ಪಿದ ಮೇಲೆ ಎದ್ದು ಹೋಗಿ ಸಹಿ ಹಾಕಿದ. ಊಟ ಮಾಡುವುದು ತಪ್ಪಿಹೋಗಿತ್ತು.

ಮೊದಲ ಮೂರು ವರ್ಷ ಎಲ್ಲವೂ ಅಂದುಕೊಂಡ ಹಾಗೇ ನಡೆಯಿತು. ತಾಲೀಮು ಮುಗಿಸಿ ೧೯೯೦ರಲ್ಲಿ ಸಿಂಧನೂರಿನಲ್ಲಿ ಬಿ.ಎ. ಸೇರಿದ. ಕ್ಯಾಂಪು ಒಮ್ಮೆ ಮಳೆಗಾಲದಲ್ಲಿ, ಒಮ್ಮೆ ದೀಪಾವಳಿಯ ಹೊತ್ತಿಗೆ ಬಿತ್ತು. ತಪ್ಪಿದ ಪಾಠಗಳನ್ನು ಸಹಪಾಠಿ ಯಮನೂರಮ್ಮನ ನೋಟ್ಸ್ ನೋಡಿ ಬರೆದುಕೊಂಡ. ಪಗಾರದಲ್ಲಿ ಫೀಸು, ಪುಸ್ತಕ, ಕೋಣೆಯ ಬಾಡಿಗೆ ಎಲ್ಲವೂ ಸಾಗಿತು. ಒಂದು ಕುರಿಯನ್ನೂ ಮಾರಲಿಲ್ಲ.

೧೯೯೩ರ ಮಾರ್ಚಿನಲ್ಲಿ, ಕೊನೆಯ ವರ್ಷದ ಪರೀಕ್ಷೆಗೆ ಐದು ವಾರ ಇದ್ದಾಗ, ಮೈಲಾರಲಿಂಗಪ್ಪ ಸೈಕಲ್ ಮೇಲೆ ಅವನ ಕೋಣೆಗೆ ಬಂದು ಒಂದು ಕಾಗದ ಕೊಟ್ಟ. ಹತ್ತು ದಿನದೊಳಗೆ ಬೆಳಗಾವಿಗೆ ಹಾಜರಾಗಬೇಕು. ಬೆಟಾಲಿಯನ್ ಅಸ್ಸಾಮಿನ ಕಡೆ ಹೊರಟಿತ್ತು.

ಕೋಣೆಯ ಜೊತೆಗಾರ ರಾಮಣ್ಣ ಉಪಾಯ ಹೇಳಿದ: "ಕಾಮಾಲೆ ಆಗೇತಿ ಅಂತ ಡಾಕ್ಟರ್ ಕಡಿಂದ ಒಂದು ಸರ್ಟಿಫಿಕೇಟ್ ಕಳಸಲೇ. ಪರೀಕ್ಷೆ ಮುಗಿಸಿಕೊಂಡು ಹೋಗು. ಯಾರು ಬಂದು ನೋಡ್ತಾರ?" ಕನಕರಾಯನ ಮನಸ್ಸು ಅಲುಗಾಡಲಿಲ್ಲ ಎಂದೇನಲ್ಲ. ಎರಡು ದಿನ ಅದನ್ನೇ ಯೋಚಿಸಿದ. ಕೊನೆಗೆ ಹಿಂಡು ಇದ್ದ ಗದ್ದೆಗೆ ಹೋಗಿ ತಾಯಿಯನ್ನು ಕೇಳಿದ.

"ಸಹಿ ಮಾಡಿ ಕೊಟ್ಟೀಯೇನು?" ಎಂದಳು ಗದ್ದೆಮ್ಮ.

"ಕೊಟ್ಟೀನಿ."

"ಹಂಗಾದ್ರ ನನ್ನ ಯಾಕ ಕೇಳಾಕತ್ತಿ?"

ಅಷ್ಟು ಹೇಳಿ ಮುಖ ತಿರುಗಿಸಿಕೊಂಡು ಕುರಿಗಳ ನಡುವೆ ಹೋದಳು. ಹತ್ತು ದಿನ ತುಂಬುವ ಮೊದಲೇ ಅವನು ಬಸ್ಸು ಹತ್ತಿದ.

ಅಸ್ಸಾಮಿನಲ್ಲಿ ಅವನು ಹದಿನಾರು ತಿಂಗಳು ಒಂದು ರೈಲು ಸೇತುವೆ ಕಾದ. ನಿಲ್ಲದ ಮಳೆ. ಜೊತೆಗೆ ಒಯ್ದ ಇತಿಹಾಸದ ಪುಸ್ತಕ ತೇವಕ್ಕೆ ಉಬ್ಬಿ ಮುಚ್ಚದಂತಾಯಿತು. ಮೊದಮೊದಲು ದಿನಕ್ಕೆ ನಾಲ್ಕು ಪುಟ ಓದುತ್ತಿದ್ದವನು ಆಮೇಲೆ ಅದನ್ನು ಮುಟ್ಟುವುದೇ ಬಿಟ್ಟ. ಒಂದು ಮುಂಜಾನೆ ಎರಡು ಮೈಲಿ ಆಚೆ ಹಳಿಯ ಮೇಲೆ ಬಾಂಬು ಸಿಡಿಯಿತು. ಗೋಕಾಕ ಕಡೆಯ ಒಬ್ಬ ಹುಡುಗ ಸತ್ತ. ಅವನನ್ನು ಹೊತ್ತು ತಂದವರಲ್ಲಿ ಕನಕರಾಯನೂ ಒಬ್ಬ. ಸತ್ತವನ ಟ್ರಂಕು ಕಟ್ಟಿ ಮನೆಗೆ ಕಳಿಸುವಾಗ ಬಟ್ಟೆಗಳ ಕೆಳಗೆ ಪಾಲಿಟೆಕ್ನಿಕ್ ಸೇರಲು ಅರ್ಧ ತುಂಬಿದ ಅರ್ಜಿಯೊಂದು ಸಿಕ್ಕಿತು. ಅವನೂ ಓದಲೆಂದೇ ಬಂದವನು. ಕನಕರಾಯ ಅರ್ಜಿಯನ್ನು ಇದ್ದ ಹಾಗೇ ಮಡಿಚಿಟ್ಟ.

ಊರಿಗೆ ಮರಳಿದಾಗ ಯಮನೂರಮ್ಮ ಮದುವೆಯಾಗಿ ಹೋಗಿದ್ದಳು, ಪಂಪಣ್ಣನಿಗೆ ನೌಕರಿ ಸಿಕ್ಕಿತ್ತು. ಕನಕರಾಯ ತನಗಿಂತ ಕಿರಿಯರ ನಡುವೆ ಕುಳಿತು ೧೯೯೫ರ ಏಪ್ರಿಲ್ಲಿನಲ್ಲಿ ಪರೀಕ್ಷೆ ಬರೆದ. ಕೊನೆಯ ದಿನ ನಡೆದುಕೊಂಡೇ ತುರ್ವಿಹಾಳದ ದಾರಿಯಲ್ಲಿದ್ದ ಹಿಂಡಿನ ಕಡೆ ಹೋದ.

"ಹೆಂಗಾತು?" ಎಂದು ಕೇಳಿದಳು ಗದ್ದೆಮ್ಮ.

"ಒಂದು ಪ್ರಶ್ನೆ ಉಳಿತವ್ವಾ. ಕೈ ಹಳೇ ವೇಗದಾಗ ಓಡವಲ್ಲದು."

"ಉಳಿಲಿ ಬಿಡು. ನೀ ತಿರುಗಿ ಬಂದೀಯಲ್ಲ" ಎಂದು ಅವಳು ರೊಟ್ಟಿಯ ಗಂಟು ಬಿಚ್ಚಿದಳು.

ಎರಡನೇ ದರ್ಜೆಯಲ್ಲಿ ಪಾಸಾದ. ಅಸ್ಸಾಮಿನ ಪಗಾರ ಉಳಿದಿತ್ತು, ಅದರಲ್ಲೇ ಬಿ.ಎಡ್. ಮುಗಿಸಿದ. ಮುದಗಲ್ಲಿನ ಒಂದು ಖಾಸಗಿ ಪ್ರೌಢಶಾಲೆ ಅವನನ್ನು ಇತಿಹಾಸದ ಮೇಷ್ಟ್ರಾಗಿ ತೆಗೆದುಕೊಂಡಿತು. ಏಳು ವರ್ಷದ ಕರಾರು ತೀರಿದಾಗ, ಮುಂದುವರಿಯುವ ಇಚ್ಛೆ ಇದೆಯೇ ಎಂದು ಬೆಟಾಲಿಯನ್ನಿನಿಂದ ಕಾಗದ ಬಂತು. ಶಾಲೆಯ ಸಂಬಳ ಕಡಿಮೆ, ಸೈನ್ಯದ ಗೆಳೆಯರ ನೆನಪು ಬಹಳ. ಮಧ್ಯಾಹ್ನದ ಬಿಡುವಿನಲ್ಲಿ ಕಾಗದವನ್ನು ಎರಡು ಸಲ ಓದಿ, ಹುಕುಂ ಬಂದರೆ ಹೋಗುತ್ತೇನೆಯೇ ಎಂದು ಮತ್ತೊಮ್ಮೆ ತನ್ನನ್ನೇ ಕೇಳಿಕೊಂಡ. ಈ ಸಲ ಮನಸ್ಸು ಒಪ್ಪಲಿಲ್ಲ. ಆಮೇಲೆ ಇಚ್ಛೆ ಇಲ್ಲ ಎಂದು ಬರೆದು ಸಹಿ ಹಾಕಿ, ಅಂಚೆ ಡಬ್ಬಿಗೆ ಹಾಕಿ ಬಂದು, ಒಂಬತ್ತನೇ ತರಗತಿಯ ಹಾಜರಿ ಕರೆಯತೊಡಗಿದ.