ಬೀಗರ ದಂಡು

ಹಿಂದೂಪುರದ ಹುಣಸೆ ಮಂಡಿಯ ಹಿಂದೆ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದ, ನಾನು ಅಣ್ಣ ಎಂದು ಕರೆಯುತ್ತಿದ್ದ ಒಬ್ಬರು, ಪ್ರತಿ ಭಾನುವಾರ ಅಂಗಡಿಯ ಮೇಜಿನ ಮೇಲೆ ನನ್ನೊಡನೆ ಯುದ್ಧ ಆಡುತ್ತಿದ್ದರು. ಹೆಬ್ಬೆರಳುದ್ದದ ಬಣ್ಣದ ಬೊಂಬೆ ಸೈನಿಕರು. ದಾಳ ಬಿದ್ದಷ್ಟೇ ನಡಿಗೆ. ಅವರ ಕೆಂಪು ಸೈನ್ಯದ ಈಟಿಗಳೆಲ್ಲ ಮೋಟಾರಿನ ತಾಮ್ರದ ತಂತಿ. ನಾನು ಅವಸರಪಟ್ಟಾಗಲೆಲ್ಲ ಒಂದೇ ಮಾತು: “ನಿಧಾನ ಕಣಪ್ಪ, ಅವರ್ಗೂ ಕಾಲು ನೋಯ್ತದೆ.”

ವರ್ಷಗಟ್ಟಲೆ ಅದೇ ಸೈನ್ಯ ಕಂಡು ನನಗೇ ಬೇಸರವಾಯಿತು. ಅವರ ಪಕ್ಷಕ್ಕೆ ಸೇರಿಸಲೆಂದು ಕಲ್ಯಾಣದುರ್ಗದ ನಮ್ಮ ಮನೆಯಿಂದ ಹನ್ನೆರಡು ನೀಲಿ ಕುದುರೆ ಸವಾರರನ್ನು ಮಿಠಾಯಿ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ತಂದೆ. ಅವರು ಡಬ್ಬಿ ತೆರೆದು, “ರಂಡಿ, ರಂಡಿ” ಎಂದು ಸವಾರರನ್ನು ತೆಲುಗಿನಲ್ಲೇ ‘ಬನ್ನಿ, ಬನ್ನಿ’ ಎಂದು ಕರೆದರು. ಫ್ಯಾನಿನ ಗಾಳಿ ಬೀಳುವ ಕಡೆ ಸಾಲಾಗಿ ನಿಲ್ಲಿಸಿದರು. “ಬೀಗರು ಬಂದವ್ರೆ ಕಣಪ್ಪ.”

ಆ ಮಧ್ಯಾಹ್ನ, ಹುಣಸೆಯ ಹುಳಿ ಗಾಳಿಯಲ್ಲಿ, ಮೇಜು ಅಂಚೇ ಇಲ್ಲದ ಬಯಲಾಗಿತ್ತು. ನನ್ನ ಕಾಲಾಳುಗಳು ಅವರ ಸೇನಾಪತಿಯನ್ನು ಸುತ್ತುವರಿದರು.

“ಅಣ್ಣ, ಕುದುರೆ ಬಿಡಿ. ಗೆದ್ದುಬಿಡ್ತೀರ,” ಎಂದೆ.

“ನಮ್ಮನೆ ಜಗಳಕ್ಕೆ ಬೀಗರನ್ನ ಸಾಯ್ಸಕ್ಕಾಯ್ತದಾ?” ಎಂದು ತಮ್ಮ ಸೇನಾಪತಿಯನ್ನು ತಾವೇ ಎತ್ತಿ ಬದಿಗಿಟ್ಟರು.

ಸಂಜೆ, ನಾನು ಬೇಡವೆಂದರೂ ಕೇಳದೆ ಡಬ್ಬಿಯನ್ನು ನನ್ನ ಕೈಗೇ ಕೊಟ್ಟರು. “ಬೀಗರು ಹೊತ್ತಿಗೆ ಮನೆ ಸೇರ್ಕಬೇಕು.”

ಮನೆಯಲ್ಲಿ ತೆರೆದರೆ ಹದಿಮೂರು ಜನ. ಸವಾರರ ಹಿಂದೆ ತಾಮ್ರದ ಈಟಿಯ ಒಬ್ಬ ಕೆಂಪು ಕಾಲಾಳು. ನೆಂಟರನ್ನು ಊರು ಮುಟ್ಟಿಸಲು ಬಂದವನು. ಅಷ್ಟು ದೂರ ಕುದುರೆಗಳ ಹಿಂದೆ ನಡೆದು ಬಂದಿದ್ದ. ಕಾಲು ನೋಯುತ್ತಿರಬೇಕೆಂದು ಅವನನ್ನು ಹತ್ತಿಯ ಮೇಲೆ ಮಲಗಿಸಿದೆ.